ಒಣಕಲಪ್ಪನ ಕೇಸಿನಲ್ಲಿ ಹತ್ತೊಂಬತ್ತು ತಪ್ಪು

ಇದೊಂದು ಮಾತ್ರ ಅವರಿಗೆ ಹೇಗೆ ಗೊತ್ತಾಯಿತು?

ಅಂಗಡಿಯ ಹಿಂಬದಿಯ ಮೆಟ್ಟಿಲ ಮೇಲೆ ಕೂತು, ಮಗಳ ಫೋನನ್ನು ಕಿವಿಗೆ ಒತ್ತಿಕೊಂಡು, ಅವನು ಅದೇ ಜಾಗವನ್ನು ಮೂರನೆಯ ಸಲ ಕೇಳಿದ. ಇಪ್ಪತ್ತೇಳನೆಯ ನಿಮಿಷ. ಮೊದಲು ಗೂಬೆ ಕೂಗುತ್ತದೆ. ಆಮೇಲೆ ಬಾಗಿಲು ಕಿರುಗುಟ್ಟುತ್ತದೆ. ಆಮೇಲೆ ಪಾಡ್‌ಕಾಸ್ಟಿನ ದಪ್ಪ ದನಿಯವನು ಉಸಿರು ಬಿಗಿಹಿಡಿದು ಹೇಳುತ್ತಾನೆ: "ಆ ರಕ್ತಪಿಶಾಚಿಯನ್ನು ಮೊದಲು ಕಣ್ಣಾರೆ ಕಂಡದ್ದು ಆ ಪೊಲೀಸ್ ಅಧಿಕಾರಿ. ರಹಸ್ಯ ಭೇದಿಸಿದ್ದೂ ಅವನೇ. ಜೊತೆಗಿದ್ದ ಸಹಾಯಕಿ ಅಷ್ಟರಲ್ಲಿ ಮೂರ್ಛೆ ಹೋಗಿದ್ದಳು."

ಅಧಿಕಾರಿ ಎಂದರೆ ಅವನು. ಅವನು ಪೊಲೀಸನಲ್ಲ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದುತ್ತಿದ್ದವನು. ಸಹಾಯಕಿ ಎಂದರೆ ಅವನ ಹೆಂಡತಿ, ಊರಿಗೆಲ್ಲ ಟೈಲರಮ್ಮ. ಆಗಿನ್ನೂ ಹೆಂಡತಿಯಾಗಿರಲಿಲ್ಲ. ಮೂರ್ಛೆಯಂತೂ ಹುಟ್ಟಿದಾಗಿನಿಂದ ಹೋದವಳಲ್ಲ. ಆದರೆ ಮೊದಲು ಕಂಡದ್ದು ಅವನು ಎಂಬುದು ಮಾತ್ರ ನಿಜ. ಮೂವತ್ತೆಂಟು ವರ್ಷಗಳಲ್ಲಿ ಅದನ್ನು ಅವನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ. ಅವಳಿಗಂತೂ ಹೇಳಿರಲೇ ಇಲ್ಲ. ನಿದ್ದೆಯಲ್ಲಿ ಬಡಬಡಿಸಿದೆನೇ? ಬಡಬಡಿಸಿದ್ದರೂ ಕೇಳಿಸಬೇಕಾದ್ದು ಅವಳಿಗೆ, ಇವರಿಗಲ್ಲ. ಆ ದಿನ ಗೋಡೆಯಾಚೆ ಯಾರಾದರೂ ನಿಂತಿದ್ದರೇ?

ಒಳಗೆ ಹೊಲಿಗೆ ಯಂತ್ರ ನಿಂತಿತು. ಅದು ನಿಲ್ಲುವ ಬಗೆಗಳನ್ನೆಲ್ಲ ಅವನು ಬಲ್ಲ. ದಾರ ತುಂಡಾದರೆ ಒಂದು ಬಗೆ, ಬಟ್ಟೆ ತಿರುಗಿಸುವುದಕ್ಕೆ ಒಂದು ಬಗೆ. ಇದು ಕೋಪದ್ದು.

"ಏನ್ರೀ ಮೀಟರೂ! ಮತ್ತೆ ಅದನ್ನೇ ಕೇಳ್ತಾ ಇದೀರಾ? ಹೊಗಳಿದಾರೆ ಅಂತ ಚಪ್ಪರಿಸ್ತಾ ಇದೀರಾ?"

"ಎಲ್ಲಿಯ ಹೊಗಳಿಕೆ? ನಾನು ಸತ್ತು ಹತ್ತು ವರ್ಷ ಆಯ್ತು ಅಂದಿದಾರೆ."

"ನಾನೂ ಸತ್ತಿದೀನಿ. ಅದಕ್ಕೆ ನಂಗೇನೂ ಬೇಜಾರಿಲ್ಲ, ಸತ್ತೋರಿಗೆ ಯಾರೂ ನಾಳೆನೇ ಬ್ಲೌಸ್ ಬೇಕು ಅನ್ನಲ್ಲ. ಆದ್ರೆ ನೀವು ಕಂಡುಹಿಡಿದ್ರಂತೆ, ನಾನು ಬಿದ್ದಿದ್ನಂತೆ! ಅದನ್ನ ಹೇಗ್ರೀ ನುಂಗ್ಲಿ?"

ಬಟ್ಟೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಅವಳು ಸೀಮೆಸುಣ್ಣದಿಂದ ಗೆರೆ ಎಳೆದು ತಪ್ಪುಗಳನ್ನು ಎಣಿಸಿದ್ದಳು. ಹತ್ತೊಂಬತ್ತು. ಊರಿನಲ್ಲಿ ಇಲ್ಲದ ಸ್ಮಶಾನ ಒಂದು. ಯಾರೂ ಹೊಡೆಯದ ಮರದ ಗೂಟ ಒಂದು. ಮೊದಲ ಹದಿನೆಂಟನ್ನು ಹೇಳುವಾಗ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಅವನೇ ಕಂಡುಹಿಡಿದನೆಂಬ ಹತ್ತೊಂಬತ್ತನೆಯದಕ್ಕೆ ಬಂದಾಗ ಸೀಮೆಸುಣ್ಣವೇ ಮುರಿದಿತ್ತು. ಅಂದಿನಿಂದ ಮೂರು ದಿನ ಅವಳು ಅವನಿಗೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಸುದ್ದಿ ತಂದವಳು ಬಸ್ ಓಡಿಸುವ ಮಗಳು. ಹಿಂದಿನ ಸೀಟಿನಲ್ಲಿ ಯಾರೋ ಫೋನಿನಲ್ಲಿ ಹಾಕಿಕೊಂಡಿದ್ದ ಪಾಡ್‌ಕಾಸ್ಟಿನಲ್ಲಿ ಪಂಪ್‌ಮನೆ, ಸತ್ತ ಕೋಳಿ, ಇಬ್ಬರು ತನಿಖೆಗಾರರು ಎಂದೆಲ್ಲ ಕೇಳಿಸಿ, ಮುಂದಿನ ನಿಲ್ದಾಣದಲ್ಲಿ ಬ್ರೇಕು ಒತ್ತಿ ಎದ್ದು ಹೋಗಿ ಕೇಳಿದ್ದಳಂತೆ: "ರೀ, ಇದು ನಮ್ಮಪ್ಪ ಅಮ್ಮನ ಕತೆ. ಸ್ವಲ್ಪ ಜೋರಾಗಿ ಇಡ್ರೀ."

ಕತೆ ಇಷ್ಟು. ಮುಚ್ಚಿಹೋದ ಹಳೆಯ ಪಂಪ್‌ಮನೆಯಲ್ಲಿ ಒಣಕಲಪ್ಪ ಎಂಬ ರಕ್ತಪಿಶಾಚಿ ಇದ್ದಾನೆಂದು ಅಜ್ಜಿಯರ ಕಾಲದಿಂದ ನಂಬಿಕೆ. ಕಡ್ಡಿಯಂಥ ಮೈ, ಎಷ್ಟು ಕುಡಿದರೂ ಆರದ ದಾಹ. ಬೇರೆ ಪಿಶಾಚಿಗಳ ಹಾಗೆ ಅವನು ರಾತ್ರಿಯವನಲ್ಲ. ಮಟಮಟ ಮಧ್ಯಾಹ್ನ, ಮನುಷ್ಯರ ನೆರಳು ಕಾಲಡಿ ಸೇರಿಕೊಂಡಾಗ ಬರುವವನು. ಪಾಡ್‌ಕಾಸ್ಟಿನವರು ಅವನನ್ನು ಮಧ್ಯರಾತ್ರಿಗೆ ಸಾಗಿಸಿ, ಕಪ್ಪು ನಿಲುವಂಗಿ ತೊಡಿಸಿ, 'ರಕ್ತಸಾಮ್ರಾಟ' ಎಂದು ಕರೆದಿದ್ದರು. "ಪರವಾಗಿಲ್ಲ, ಒಣಕಲಪ್ಪನಿಗೆ ಬಡ್ತಿ ಸಿಕ್ತು" ಎಂದು ಮಗಳು ನಕ್ಕಿದ್ದಳು.

ಮೂವತ್ತೆಂಟು ವರ್ಷದ ಹಿಂದೆ, ಪಂಪ್‌ಮನೆಯ ಆಸುಪಾಸಿನ ಒಂಬತ್ತು ಮನೆಗಳಲ್ಲಿ ಮುಚ್ಚಿದ ಗೂಡಿನೊಳಗಿನ ಕೋಳಿಗಳು ಹಾಡಹಗಲೇ ಸಾಯತೊಡಗಿದವು. ಕುತ್ತಿಗೆಯಲ್ಲಿ ಎರಡು ತೂತು. ಚಿಲಕ ಹಾಕಿದ್ದು ಹಾಕಿದಂತೆಯೇ. ಜನ ಮಧ್ಯಾಹ್ನ ಹೊರಗೆ ಬರುವುದನ್ನೇ ಬಿಟ್ಟರು. ಅವಳ ಎರಡು ಕೋಳಿ ಹೋದ ದಿನ, ಮೀಟರ್ ಓದಲು ಬಂದ ಅವನನ್ನು ಅವಳು ಬಾಗಿಲಲ್ಲೇ ತಡೆದಳು. "ನಿಮಗೆ ಎಲ್ಲರ ಮನೆ ಹಿತ್ತಲಿಗೂ ಹೋಗೋಕೆ ಅಧಿಕಾರ ಇದೆ. ನಂಗೆ ಅಳತೆ ತೆಗೆಯೋಕೆ ಬರುತ್ತೆ. ಇಬ್ಬರೂ ಸೇರಿ ಈ ಒಣಕಲಪ್ಪ ಯಾರು ಅಂತ ನೋಡಿಬಿಡೋಣ." ಅವಳು ಹಾಗೆ ಹೇಳಿ ಕುತ್ತಿಗೆಯಿಂದ ಟೇಪು ತೆಗೆದಳು, ಸತ್ತ ಕೋಳಿಯ ಮೇಲಿನ ಎರಡು ತೂತುಗಳ ನಡುವಿನ ಅಂತರ ಅಳೆದಳು, ಕಂದು ಕಾಗದದ ಮೇಲೆ ಗುರುತು ಹಾಕಿಕೊಂಡಳು. ಅವನು ನೋಡುತ್ತ ನಿಂತಿದ್ದ. ಆ ದಿನ ಅವರ ಮನೆಯ ಮೀಟರ್ ಓದುವುದನ್ನೇ ಮರೆತ.

ಇಬ್ಬರಿಗೂ ಕೆಲಸವಿತ್ತು. ಬಿಡುವು ಹನ್ನೆರಡರಿಂದ ಒಂದು, ಒಣಕಲಪ್ಪನ ಹೊತ್ತೂ ಅದೇ. ಹಾಗಾಗಿ ದಿನವೂ ಪಂಪ್‌ಮನೆಯ ಎದುರಿನ ಕಲ್ಲುಕಟ್ಟೆಯ ಮೇಲೆ ಊಟದ ಡಬ್ಬಿ ಬಿಚ್ಚಿ ಕಾವಲು ಕೂತರು. ಬಳಸದೆ ಉಳಿದಿದ್ದ ಒಂದು ಮೀಟರ್ ಪುಸ್ತಕವನ್ನು ಅವನು ತಂದ: ದಿನಾಂಕ, ಹೊತ್ತು, ರೀಡಿಂಗ್, ಸಹಿ. ನಿಯಮ ಮಾಡಿದವಳು ಅವಳು. ಇಬ್ಬರೂ ಕಂಡದ್ದನ್ನು ಮಾತ್ರ ಬರೆಯಬೇಕು, ಇಬ್ಬರೂ ಸಹಿ ಹಾಕಬೇಕು. ಒಬ್ಬರೇ ಕಂಡದ್ದು ಗಾಳಿಸುದ್ದಿ. ಊರಿನಲ್ಲಿ ಆಗಲೇ ಅದು ಬೇಕಾದಷ್ಟಿತ್ತು.

ಹನ್ನೆರಡನೆಯ ದಿನ ಅವಳು ಡಬ್ಬಿಯ ಮುಚ್ಚಳ ತೊಳೆಯಲು ನಲ್ಲಿಯ ಕಡೆ ತಿರುಗಿದ್ದಳು. ಗೋಡೆಯ ಬುಡದಲ್ಲಿ ಒಡೆದ ಹಳೆಯ ಮಣ್ಣಿನ ಕೊಳವೆಯ ಬಾಯಿಂದ ಒಂದು ಮೂತಿ ಹೊರಬಂತು. ಮುಂಗುಸಿ. ಮೀಸೆಗೆ ಒಂದು ಬಿಳಿ ಪುಕ್ಕ ಅಂಟಿತ್ತು. ಅದು ಅವನನ್ನು ನೋಡಿತು, ಅವನು ಅದನ್ನು ನೋಡಿದ. ಅದು ಒಳಗೆ ಹೋಯಿತು.

ಅವಳು ಬಂದು ಕೈ ಒರೆಸಿಕೊಳ್ಳುತ್ತ ಕೇಳಿದಳು, "ಏನಾದ್ರೂ ಇದೆಯಾ?"

"ಏನಿಲ್ಲ" ಎಂದ ಅವನು. ಹಾಗೆಯೇ ಬರೆದ. ಇಬ್ಬರೂ ಸಹಿ ಹಾಕಿದರು.

ಆಮೇಲೆ ಮತ್ತೆ ನಾಲ್ಕು ಕೋಳಿ ಸತ್ತವು. ಒಂದು ಅವನ ಅಮ್ಮನದೇ, ದಿನ ಬಿಡದೆ ಮೊಟ್ಟೆಯಿಡುತ್ತಿದ್ದದ್ದು. ಅಮ್ಮ ಒಣಕಲಪ್ಪನನ್ನು ಬೈಯುವಾಗೆಲ್ಲ ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಎಪ್ಪತ್ತೊಂದನೆಯ ದಿನ ಅವಳು ಕಂದು ಕಾಗದದ ಮೇಲೆ ಬೀದಿಗಳ ನಕ್ಷೆ ಬರೆದು, ಕೋಳಿ ಸತ್ತ ಒಂಬತ್ತು ಮನೆಗಳಿಗೆ ಒಂಬತ್ತು ಗುಂಡುಪಿನ್ನು ಚುಚ್ಚಿ, ಪಿನ್ನಿನಿಂದ ಪಿನ್ನಿಗೆ ನೀಲಿ ದಾರ ಎಳೆದಳು. ದಾರ ನೇರವಾಗಿ ನಿಂತಿತು. "ಮೀಟರೂ, ಇದರ ಕೆಳಗೆ ನೆಲದಲ್ಲಿ ಏನಿದೆ?" ಅವನಿಗೆ ಗೊತ್ತಿತ್ತು. ಬಚ್ಚಲ ನೀರಿನ ಹಳೆಯ ಕೊಳವೆ ಸಾಲು. ಯಾವತ್ತೋ ಬಳಕೆ ತಪ್ಪಿದ್ದು, ಒಂಬತ್ತು ಹಿತ್ತಲಲ್ಲೂ ಬಾಯಿ ತೆರೆದುಕೊಂಡಿದ್ದು, ಅದರ ಮೇಲೆಯೇ ಜನ ಗೂಡು ಕಟ್ಟಿದ್ದರು. ಮುಂಗುಸಿಯನ್ನು ಕಂಡಿದ್ದ ಅವನಿಗೂ ಅದು ಮುಚ್ಚಿದ ಗೂಡಿಗೆ ಹೇಗೆ ನುಗ್ಗುತ್ತದೆಂದು ಹೊಳೆದಿರಲಿಲ್ಲ. ಮರುದಿನ ಇಬ್ಬರೂ ಕೊಳವೆಯ ಬಾಯನ್ನೇ ನೋಡುತ್ತ ಕೂತರು. ಮುಂಗುಸಿ ಬಂತು. ಸಹಿ ಬಿತ್ತು. ಒಂಬತ್ತು ಬಾಯಿಗೂ ಇಟ್ಟಿಗೆ ಇಟ್ಟರು.

"ಅಪ್ಪಾ, ಯಾಕೆ ಹೀಗೆ ಮುಖ ಮಾಡ್ಕೊಂಡಿದೀಯಾ?" ಎಂದು ಮಗಳು ಫೋನು ಕಸಿದುಕೊಂಡಳು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ರಂತೆ, ಹಾಗಿದೆ. ಅವರಿಗೆ ಬರೆದಿದೀನಿ. ನೀವು ಕೊಂದಿರೋರು ಇಬ್ಬರೂ ಬದುಕಿದಾರೆ, ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬನ್ನಿ ಅಂತ."

ಅವರು ಬಂದರು. ಇಬ್ಬರು. ದಪ್ಪ ದನಿಯವನು ನೋಡಿದರೆ ಗಾಳಿಗೆ ಹಾರಿಹೋಗುವಂತಿದ್ದ. ಜೊತೆಯವಳು ಪಾಡ್‌ಕಾಸ್ಟಿನಲ್ಲಿ ಪ್ರತಿ ಮಾತಿಗೂ ನಗುವವಳು. ಈಗ ನಗು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು.

ಟೈಲರಮ್ಮ ಕನ್ನಡಕದ ಮೇಲಿನಿಂದ ದಪ್ಪ ದನಿಯವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಏನ್ರೀ, ನಾವು ಸುಮ್ಮನೆ ಮುಂಗುಸಿ ಹಿಡಿದ್ವಿ. ಒಣಕಲಪ್ಪ ಇಲ್ಲೇ ಬಂದಿದಾನಲ್ಲ!"

"ಕ್ಷಮಿಸಿ ಆಂಟಿ, ನಾವು..."

"ಆಂಟಿ ಅನ್ಬೇಡಪ್ಪ. ಸಹಾಯಕಿ ಅನ್ನು. ಈಗಷ್ಟೇ ಮೂರ್ಛೆಯಿಂದ ಎದ್ದಿದೀನಿ."

ಮಗಳು ಬಾಗಿಲ ಚೌಕಟ್ಟಿಗೆ ಆತು ಹೊಟ್ಟೆ ಹಿಡಿದುಕೊಂಡಳು. ಬಟ್ಟೆಯ ರಾಶಿಗಳ ನಡುವೆ ಮಾತು ಮೆತ್ತಗೆ ಕೇಳಿಸುತ್ತಿತ್ತು. ಇಷ್ಟು ಒಳ್ಳೆಯ ರೆಕಾರ್ಡಿಂಗ್ ಕೋಣೆ ತಮ್ಮಲ್ಲೂ ಇಲ್ಲ ಎಂದಳು ನಗುವವಳು. ಯಂತ್ರ ನಿಲ್ಲಿಸಿದರೆ ಒಳ್ಳೆಯದು ಎಂದದ್ದಕ್ಕೆ, ಅಂಚು ಮುಗಿಯದೆ ನಿಲ್ಲಿಸುವುದಿಲ್ಲ ಎಂದಳು ಟೈಲರಮ್ಮ. ಯಂತ್ರದ ಸದ್ದಿನಲ್ಲೇ ತಪ್ಪುಗಳ ಪಟ್ಟಿ ಓದಿದಳು. ದಪ್ಪ ದನಿಯವನು ಒಂದೊಂದಕ್ಕೂ ತಲೆಯಾಡಿಸಿದ. ಸ್ಮಶಾನ ಯಾಕೆ ಬಂತು? "ಸ್ಮಶಾನ ಇಲ್ದೆ ಜನ ಕೇಳಲ್ಲ." ಮಧ್ಯರಾತ್ರಿ? "ಮಧ್ಯಾಹ್ನಕ್ಕೆ ಗೂಬೆ ಸದ್ದು ಹೊಂದಲ್ಲ."

"ಮತ್ತೆ ಇವರೇ ಕಂಡುಹಿಡಿದ್ರು ಅಂತ ಯಾರು ಹೇಳಿದ್ರು?"

ಮೂಲೆಯಲ್ಲಿ ಕೂತಿದ್ದ ಅವನು ಮುಂದಕ್ಕೆ ಬಾಗಿದ. ಮೂರು ದಿನದ ಸಂಶಯಕ್ಕೆ ಉತ್ತರ ಈಗ ಬರುತ್ತದೆ.

"ಯಾರೂ ಹೇಳಿಲ್ಲ" ಎಂದ ದಪ್ಪ ದನಿಯವನು, ನೆಲ ನೋಡುತ್ತ. "ಒಂದು ಹಳೇ ಪೇಪರ್ ತುಂಡಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಅಂತಷ್ಟೇ ಇತ್ತು. ಅದಕ್ಕೇ... ಕಂಡುಹಿಡಿದದ್ದು ಗಂಡಸೇ ಇರಬೇಕು ಅಂದ್ಕೊಂಡ್ವಿ."

"ನೋಡಿದ್ಯಾ! ಗಂಡಸು ಪಕ್ಕದಲ್ಲಿ ನಿಂತಿದ್ರೆ ಸಾಕು!" ಎಂದಳು ಟೈಲರಮ್ಮ ಮಗಳಿಗೆ.

ಕಣ್ಣುಮುಚ್ಚಿ ಎಸೆದ ಕಲ್ಲು, ಅಷ್ಟೇ. ಅವನಿಗೆ ಉಸಿರು ಬಂತು. ಟೈಲರಮ್ಮ ಯಂತ್ರ ತುಳಿಯುತ್ತಲೇ ಮಗಳಿಂದ ಕಪಾಟಿನ ಮೀಟರ್ ಪುಸ್ತಕ ತರಿಸಿ ಮೇಜಿನ ಮೇಲೆ ಹರಡಿಸಿದಳು. ನಗುವವಳು ಪುಟ ತಿರುವುತ್ತ ಹೋದಳು. ಏನೂ ಇಲ್ಲ, ಏನೂ ಇಲ್ಲ. ಎರಡೆರಡು ಸಹಿ. ಓದುತ್ತ ಓದುತ್ತ ಅವಳ ಮುಖದಲ್ಲಿ ಪಾಡ್‌ಕಾಸ್ಟಿನದಲ್ಲದ ನಿಜವಾದ ನಗು ಮೂಡಿತು. ಮೈಕನ್ನು ಅವನ ಕಡೆ ತಿರುಗಿಸಿದಳು.

"ಅಂಕಲ್, ಇಷ್ಟು ದಿನ ಅಲ್ಲೇ ಕೂತಿದ್ರಿ. ನಿಮಗೆ ಒಂದು ಸಲವೂ ಅದು ಕಾಣಿಸಲೇ ಇಲ್ವಾ?"

ಯಂತ್ರ ನಿಂತಿತು. ಇದು ಅವನಿಗೆ ಗೊತ್ತಿರದ ಬಗೆ. ಅಂಚು ಇನ್ನೂ ಅರ್ಧ ಬಾಕಿಯಿತ್ತು, ಅವಳ ಕೈ ಚಕ್ರದ ಮೇಲಿತ್ತು, ಕಣ್ಣು ಅವನ ಮೇಲೆ. ಮೂವತ್ತೆಂಟು ವರ್ಷ ಅವಳು ಹೆಮ್ಮೆಯಿಂದ ಹೇಳಿಕೊಂಡು ಬಂದ ಒಂದೇ ಒಂದು ಕತೆ ಅವನ ಮುಂದಿನ ಮಾತಿನ ಮೇಲೆ ನಿಂತಿತ್ತು. ಕಂಡೆ ಎಂದರೆ ಅದು ಅವಳ ಕೈಬಿಡುತ್ತದೆ. ಇಲ್ಲ ಎಂದರೆ ಇಪ್ಪತ್ತನೆಯ ತಪ್ಪು ತನ್ನದು.

"ನಾನು ದಿನಾ ಆ ಕೊಳವೆ ಮೇಲೇ ನಡ್ಕೊಂಡು ಹೋಗ್ತಿದ್ದೆ" ಎಂದ ಅವನು. "ಒಂಬತ್ತು ಮನೆಗೂ ಅದೇ ದಾರಿ ಅಂತ ನಂಗೆ ಹೊಳೀಲಿಲ್ಲ. ಅದು ಇವಳ ತಲೆ. ನಂದಲ್ಲ."

"ಅಡ್ಡಗೋಡೆ ಮೇಲೆ ದೀಪ ಇಡಬೇಡ್ರಿ" ಎಂದಳು ಟೈಲರಮ್ಮ. "ಹುಡುಗಿ ಕೇಳಿದ್ದು ಬೇರೆ. ಕಾಣಿಸ್ತಾ, ಇಲ್ವಾ?"

"ನೀನು ಕಾಣದೆ ನಾನೊಬ್ಬನೇ ಏನು ಕಂಡ್ರೂ ಅದು ಗಾಳಿಸುದ್ದಿ. ನಿಯಮ ನಿಂದೇ ಅಲ್ವಾ?"

ಆಮೇಲೆ ಟೈಲರಮ್ಮ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಬಾಯಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ಉದುರಿಹೋಗುವಂತೆ ನಕ್ಕಳು. "ಕೇಳಿಸ್ಕೊಂಡ್ರಾ? ಬರ್ಕೊಳ್ಳಿ. ಇಂಥ ತನಿಖೆಗಾರ ಎಲ್ಲಿ ಸಿಕ್ತಾನೆ!" ಮಗಳು ನಕ್ಕಳು, ನಗುವವಳು ನಕ್ಕಳು. ದಪ್ಪ ದನಿಯವನ ನಗು ಮಾತ್ರ ಅವನ ಮೈಯಷ್ಟೇ ಸಣ್ಣಗಿತ್ತು. ಉದುರಿದ ಪಿನ್ನನ್ನು ಹುಡುಕಲು ಎಲ್ಲರೂ ನೆಲದ ಮೇಲೆ ಮಂಡಿಯೂರಿದರು. ರೆಕಾರ್ಡಿಂಗ್ ಆಗುತ್ತಲೇ ಇತ್ತು.

ಹೊಸ ಕಂತು ಮುಂದಿನ ವಾರ ಬಂತು. ಗೂಬೆ ಇರಲಿಲ್ಲ, ಹೊಲಿಗೆ ಯಂತ್ರದ ಸದ್ದಿನಿಂದಲೇ ಶುರುವಾಗುತ್ತಿತ್ತು. ದಪ್ಪ ದನಿಯವನು ಹತ್ತೊಂಬತ್ತು ತಪ್ಪನ್ನೂ ಒಂದೊಂದಾಗಿ ಓದಿ ಕ್ಷಮೆ ಕೇಳಿದ. ಹತ್ತೊಂಬತ್ತನೆಯದಕ್ಕೆ ಎರಡು ಸಲ ಕೇಳಿದ. ಟೈಲರಮ್ಮ ಹೇಳಿಕೊಟ್ಟಿದ್ದಳು. ನೀಲಿ ದಾರವನ್ನು ಕೆಂಪು ದಾರ ಎಂದುಬಿಟ್ಟಿದ್ದ, ಅವಳು ಅದನ್ನು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಳು. ಮಗಳು ಅದನ್ನು ಬಸ್ಸಿನಲ್ಲಿ ಎಲ್ಲರಿಗೂ ಕೇಳುವಂತೆ ಹಾಕಿದಳು. ಅಂಗಡಿಗೆ ಬಂದವರೆಲ್ಲ ಅಳತೆ ಕೊಡುವ ಮೊದಲು ಒಣಕಲಪ್ಪನ ಹಲ್ಲಿನ ಅಳತೆ ಎಷ್ಟು ಎಂದು ಕೇಳುತ್ತಿದ್ದರು. ಅವಳು ಟೇಪು ಹಿಡಿದು ತೋರಿಸುತ್ತಿದ್ದಳು.

ಅವನು ಮೂಲೆಯ ಸ್ಟೂಲಿನ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತ ಅವಳು ಹೇಳುವುದನ್ನು ಕೇಳುತ್ತಿದ್ದ. ಒಬ್ಬೊಬ್ಬರಿಗೆ ಹೇಳುವಾಗಲೂ ಅವಳು ಎಪ್ಪತ್ತೊಂದನೆಯ ದಿನಕ್ಕೆ ಬಂದಾಗ ದನಿ ಇಳಿಸಿ, ದಾರ ಎಳೆಯುವಂತೆ ಕೈ ಚಾಚುತ್ತಿದ್ದಳು. ಅವನ ಕೈ ಗುಂಡಿಗಳ ಮೇಲೆ ಅಲ್ಲಿಯೇ ನಿಲ್ಲುತ್ತಿತ್ತು.

ಹನ್ನೆರಡನೆಯ ದಿನವೇ ಮುಂಗುಸಿಯನ್ನು ಕಂಡಿದ್ದೆ, ತನಿಖೆ ಮುಗಿದರೆ ನಾಳೆಯಿಂದ ನೀನು ಊಟಕ್ಕೆ ಬರುವುದಿಲ್ಲ ಎಂದು ಹೆದರಿ ಸುಮ್ಮನಿದ್ದೆ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.