ಅವಳ ಸೀಟಿನಲ್ಲಿ

ಬಸ್ಸಿನಲ್ಲಿ ಮೂರು ಸೀಟು ಕಾದಿರಿಸಿದ್ದವಳು ಅವನ ಹೆಂಡತಿ. ಹೊರಡುವ ದಿನ ಬರುವಷ್ಟರಲ್ಲಿ ಅವಳೇ ಬದುಕಿರಲಿಲ್ಲ. ಹೀಗಾಗಿ ಕಿಟಕಿ ಪಕ್ಕದ ಆ ಸೀಟಿನಲ್ಲಿ ಈಗ ಅವನು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೊದಲ ದಿನ ಶಾಲೆಗೆ ಹೊರಟ ಹುಡುಗನ ಹಾಗೆ ಮೈ ಬಿಗಿಹಿಡಿದುಕೊಂಡಿದ್ದ.

ಪಕ್ಕದಲ್ಲಿದ್ದವರು ಹೆಂಡತಿಯ ಇಬ್ಬರು ಗೆಳತಿಯರು. ಅವಳೂ ಸೇರಿ ಮೂವರೂ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಲಾಗಿ ಕೂತು ಊರಿನವರ ಕರೆಗಳನ್ನು ಜೋಡಿಸಿಕೊಟ್ಟವರು. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ ಈಗಲೂ ಮಾತಾಡಿದರೆ ಅಪ್ಪಣೆ ಕೊಟ್ಟಂತೆಯೇ ಇರುತ್ತದೆ. ಇನ್ನೊಬ್ಬಳು ಪಿಟೀಲು, ಅವಳ ಕೀರಲು ದನಿ ಕೇಳಿದ ಯಾರಿಗೂ ಆ ಅಡ್ಡಹೆಸರಿನ ಕಾರಣ ಬಿಡಿಸಿ ಹೇಳಬೇಕಾಗಿಲ್ಲ. ಎಕ್ಸ್‌ಚೇಂಜು ಮುಚ್ಚಿದ ಮೇಲೂ ವರ್ಷಕ್ಕೊಂದು ದಿನ ಮೂವರೂ ಗಂಡ, ಮನೆ, ಮಕ್ಕಳೆಲ್ಲರಿಗೂ ಕೈಕೊಟ್ಟು ಯಾವುದಾದರೂ ಊರು ಸುತ್ತಿ ಬರುತ್ತಿದ್ದರು.

ಸಂಜೆ ಹೆಂಡತಿ ಕಾಲೆಳೆದುಕೊಂಡು ಮನೆಗೆ ಬಂದಾಗ ಅವನು ಕೇಳುತ್ತಿದ್ದದ್ದು ಒಂದೇ. "ಊಟ ಆಯ್ತಾ?" ಅವಳು "ಆಯ್ತು" ಅನ್ನುತ್ತಿದ್ದಳು. ಅಲ್ಲಿಗೆ ಪ್ರವಾಸದ ಕಥೆ ಮುಗಿಯಿತು. ಹಾಗಂತ ಅವನೇನು ಮೂಕನಲ್ಲ. ಅವನದು ಸಲೂನು, ಇಡೀ ಬೀದಿಯ ಸುಖದುಃಖ ಅವನ ಕುರ್ಚಿಯ ಮೇಲೆ ಬಂದು ಕೂರುತ್ತಿತ್ತು. ಮಾತು ಹೊರಡಿಸುವುದರಲ್ಲಿ ಅವನದು ಎತ್ತಿದ ಕೈ. ಮನೆಗೆ ಬರುವಷ್ಟರಲ್ಲಿ ಬಾಯಿ ಸೋತುಹೋಗಿರುತ್ತಿತ್ತು, ಅಷ್ಟೆ.

"ಅವಳ ಸೀಟು ಖಾಲಿ ಹೋಗೋದು ಬೇಡ ಭಾವ, ನೀವೇ ಬನ್ನಿ" ಎಂದು ದೊಡ್ಡಕ್ಕ ಫೋನು ಮಾಡಿದಾಗ ಅವನು ಒಂದೇ ಉಸಿರಿಗೆ ಹೂಂ ಅಂದಿದ್ದ. ಈ ಸಲ ಹೊರಟಿದ್ದ ಊರಿನ ಚಿತ್ರ, ಶಿಲ್ಪ ನೋಡುವ ಆಸೆಯೇನೂ ಅವನಿಗಿರಲಿಲ್ಲ. ಹೆಂಡತಿಯ ಬಗ್ಗೆ ತನಗೆ ಗೊತ್ತಿಲ್ಲದ ಒಂದೇ ಒಂದು ಮಾತು ಕಿವಿಗೆ ಬಿದ್ದರೆ ಸಾಕಿತ್ತು. ಮನೆಯಲ್ಲಿ ಉಳಿದದ್ದೆಲ್ಲ ಗೊತ್ತಿರುವುದೇ. ಅದನ್ನೇ ಇನ್ನೆಷ್ಟು ಸಲ ಮೆಲುಕು ಹಾಕುವುದು?

ಆ ಊರಿನಲ್ಲಿ ಎತ್ತ ತಿರುಗಿದರೂ ಕಲ್ಲಿನ ಮನುಷ್ಯರು. ಚೌಕದಲ್ಲಿ, ಸೇತುವೆಯ ಕಟ್ಟೆಯ ಮೇಲೆ, ಹಳೆಯ ಮನೆಗಳ ಬಾಗಿಲ ನೆತ್ತಿಯಲ್ಲಿ. ಕೆಲವರಿಗೆ ಮೂಗಿಲ್ಲ, ಕೆಲವರಿಗೆ ಕೈಯಿಲ್ಲ, ಕೂದಲು ಮಾತ್ರ ಎಲ್ಲರಿಗೂ ದಟ್ಟವಾಗಿತ್ತು. "ಈ ಗುಂಗುರಿಗೆ ಕತ್ತರಿ ಹಾಕೋಕೆ ಕೂತ್ರೆ ಅರ್ಧ ದಿನ ಬೇಕು ನೋಡಿ" ಅಂದ ಅವನು. ಇಬ್ಬರೂ ನಕ್ಕರು. ಮಾತಿಗೆ ತಕ್ಕದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನಕ್ಕರು. ನಂಟರ ಮನೆಯಲ್ಲಿ ನಗುವ ಹಾಗೆ.

ಬೆಳಗಿನಿಂದಲೂ ಹೀಗೇ. ಭಾವ, ಬಿಸಿಲಾಯ್ತಾ? ಭಾವ, ಕಾಫಿ ಕುಡೀತೀರಾ? ಭಾವ, ಈ ಕಡೆ ನೆರಳಿದೆ ಬನ್ನಿ. ಅವಳ ಮಾತು ಮಾತ್ರ ಇಲ್ಲವೇ ಇಲ್ಲ. ಅರಮನೆಯ ಚಿತ್ರಶಾಲೆಯಲ್ಲಿ ಒಂದು ನೀಲಿ ಪಟದ ಮುಂದೆ ನಿಂತಾಗ ಪಿಟೀಲು, "ಇಂಥ ನೀಲಿ ಕಂಡ್ರೆ ನಮ್ಮ..." ಎಂದು ಬಾಯಿ ತೆರೆದಳು. ಪಟದ ಗಾಜಿನಲ್ಲಿ ಅವನಿಗೆ ಎಲ್ಲ ಕಾಣಿಸಿತು. ಕನ್ನಡಿ ನೋಡಿಯೇ ಬದುಕಿದವನು! ದೊಡ್ಡಕ್ಕ ಅವಳ ತೋಳನ್ನು ಬಲವಾಗಿ ಚಿವುಟಿದಳು. "ನಮ್ಮ ಮೊಮ್ಮಗಳಿಗೆ ತುಂಬಾ ಇಷ್ಟ" ಎಂದು ಪಿಟೀಲು ಮಾತು ಮುಗಿಸಿದಳು.

ಓ, ಹೀಗೋ ವಿಷಯ! ತನಗೆ ನೋವಾದೀತೆಂದು ಇವರು ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಇವರು ಅತ್ತುಬಿಟ್ಟಾರು, ಇವರ ದಿನ ಹಾಳಾದೀತು ಎಂದು ತಾನೂ ಹಾಕಿಕೊಂಡಿದ್ದೇನೆ. ಮೂವರೂ ಒಳ್ಳೆಯವರೇ, ಈ ಒಳ್ಳೆಯತನಕ್ಕಿಷ್ಟು ಬೆಂಕಿ ಬೀಳಲಿ.

ಅವನಿಗೆ ತನ್ನ ಕಸುಬಿನ ಗುಟ್ಟು ಗೊತ್ತಿತ್ತು: ಮುಖ ಕಾಣದ ಹಾಗೆ ಹಿಂದೆ ನಿಂತರೆ ಎಂಥವರಿಗೂ ಬಾಯಿ ಬರುತ್ತದೆ. ಬೇಕೆಂದೇ ನಾಲ್ಕು ಹೆಜ್ಜೆ ಹಿಂದುಳಿದ. ಇಬ್ಬರೂ ನಿಂತು ಕಾದರು. ಇನ್ನಷ್ಟು ಹಿಂದುಳಿದ. "ಸುಸ್ತಾಯ್ತಾ ಭಾವ?" ಎಂದು ವಾಪಸ್ಸೇ ಬಂದರು. ಕೊನೆಗೆ, ಕಡೆಯ ಕೋಣೆಯ ಬಾಗಿಲ ಹೊರಗೆ ಬೆಂಚು ಕಂಡದ್ದೇ ಕೂತುಬಿಟ್ಟ.

"ಮಂಡಿ ಹಿಡ್ಕೊಂಡಿದೆ. ನೀವು ನೋಡ್ಕೊಂಡು ಬನ್ನಿ."

ಅವರು ಒಳಗೆ ಹೋದರು. ಸ್ವಲ್ಪ ಹೊತ್ತು ಚಪ್ಪಲಿಯ ಸದ್ದು ಮಾತ್ರ. ಆಮೇಲೆ ಪಿಸುಮಾತು. ಅದರ ಹಿಂದೆಯೇ ಕಿಸಕ್ಕನೆ ನಗು.

"ಕೆಮ್ಮು ಮರೀಬೇಡ ಕಣೇ, ಮೊದಲು ಕೆಮ್ಮು!" ದೊಡ್ಡಕ್ಕನ ದನಿ.

"ಉಹ್ಹು!" ಎಂದು ಕೆಮ್ಮಿದಳು ಪಿಟೀಲು. "'ಏನ್ ಸಾರ್, ಮಗನ ಪರೀಕ್ಷೆ ಏನಾಯ್ತು?' ಕಚ್ ಕಚ್. 'ಏನ್ ಸಾರ್, ಬೆನ್ನುನೋವು ಹೇಗಿದೆ?' ಕಚ್ ಕಚ್. ಮನೆಗೆ ಬಂದ್ರೆ? 'ಊಟ ಆಯ್ತಾ?' ಮುಗೀತು! ನೋಡ್ತಾ ಇರ್ರೇ, ಒಂದಿನ ನಾನೇ ಅಂಗಡಿಗೆ ಹೋಗಿ ಆ ಕುರ್ಚಿ ಮೇಲೆ ಕೂತ್ಬಿಡ್ತೀನಿ. ಆಗಲಾದ್ರೂ ನಿನ್ನ ಸಮಾಚಾರ ಏನಮ್ಮಾ ಅಂತ ಕೇಳ್ತಾರೇನೋ!"

ಪಿಟೀಲು ತನ್ನನ್ನು ಅಣಕಿಸುತ್ತಿದ್ದಾಳೆ ಎಂದುಕೊಂಡ ಅವನಿಗೆ ನಿಜ ಹೊಳೆಯಲು ಒಂದು ಗಳಿಗೆ ಬೇಕಾಯಿತು. ಇದು ಪಿಟೀಲಿನ ಅಣಕವಲ್ಲ. ಕೊನೆಯ ಮಾತನ್ನು ಹಾಗೆ ಎಳೆದು ಬಿಡುವವಳು ಒಬ್ಬಳೇ. ಅವನ ಹೆಂಡತಿ ಹಿಂದೆ ಇವರ ಮುಂದೆ ಅವನನ್ನು ಅಣಕಿಸುತ್ತಿದ್ದಳು. ಆ ಅಣಕವನ್ನು ಗೆಳತಿ ಈಗ ಹಾಗೆಯೇ ಒಪ್ಪಿಸುತ್ತಿದ್ದಳು.

ಮೊದಲು ಅವನಿಗೆ ನಗುವೇ ಬಂತು. ಕೆಮ್ಮು ತದ್ವತ್ ಅವನದೇ. ಎಷ್ಟು ಚೆನ್ನಾಗಿ ನೋಡಿಟ್ಟುಕೊಂಡಿದ್ದಳು, ಕಳ್ಳಿ! ಆಮೇಲೆ ಕುರ್ಚಿಯ ಮಾತು ನಿಧಾನವಾಗಿ ಒಳಗಿಳಿಯಿತು. ತಮಾಷೆಗೇ ಹೇಳಿರಬೇಕು. ಆದರೂ ಅವಳಿಗೆ ಹೇಳುವುದಿತ್ತು, ಯಾರಾದರೂ ಕೇಳಲಿ ಅಂತಿತ್ತು. ನಿಜವಾಗಿ ಬಂದು ಕೂತಿದ್ದರೆ ಕೇಳುತ್ತಿದ್ದೆನೇ? ಗಿರಾಕಿಗಳ ಮುಂದೆ ಇದೇನು ಹುಡುಗಾಟ ಅಂತ ಗದರಿಸುತ್ತಿದ್ದೆನೋ ಏನೋ.

ಇನ್ನೂ ಬೇಕೆನಿಸಿತು. ಎಲ್ಲ ಬೇಕು. ನಾಚಿಕೆ ಬಿಟ್ಟು ಕೇಳಿಯೇಬಿಡುತ್ತೇನೆ ಎಂದು ಎದ್ದು ಹೊಸಿಲಿಗೆ ಬಂದ. ಅವನ ನೆರಳು ಒಳಗೆ ಬಿದ್ದದ್ದೇ ನಗು ಕತ್ತರಿಸಿದ ಹಾಗೆ ನಿಂತಿತು. ಇಬ್ಬರೂ ತಟ್ಟನೆ ಗೋಡೆಯ ಚಿತ್ರದ ಕಡೆ ತಿರುಗಿದರು. ದೊಡ್ಡಕ್ಕನ ಮುಖ ಆಗಲೇ ಸಾಂತ್ವನದ ಮುಖವಾಗಿತ್ತು.

"ಏನಾಯ್ತು ಭಾವ? ನೋವು ಜಾಸ್ತಿ ಆಯ್ತಾ?"

ಆ ಮುಖದ ಮುಂದೆ ಏನೆಂದು ಕೇಳುವುದು? ಕೇಳಿದರೆ ಅವರು ಹೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ತೂಗಿ ತೂಗಿ ಹೇಳುತ್ತಾರೆ, ಕಣ್ಣೊರೆಸಿಕೊಂಡು, ಎಷ್ಟು ಒಳ್ಳೆಯವಳು ಎಂದು. ಕಚ್ ಕಚ್ ಅನ್ನುವವಳು ಅದರಲ್ಲಿ ಇರುವುದಿಲ್ಲ.

"ನೀರಿನ ಬಾಟ್ಲು ನಿಮ್ಮ ಹತ್ರ ಉಳೀತು" ಅಂದ. ತೆಗೆದುಕೊಂಡು ಬಂದು ಮತ್ತೆ ಬೆಂಚಿನ ಮೇಲೆ ಕೂತ.

ಒಳಗೆ ಮತ್ತೆ ಮಾತು ಶುರುವಾಯಿತು, ಈ ಸಲ ತೀರ ತಗ್ಗಿದ ದನಿಯಲ್ಲಿ. ಅವನಿಗೆ ಒಂದು ಶಬ್ದವೂ ತಿಳಿಯಲಿಲ್ಲ. ನಡುನಡುವೆ ನಗು ಮಾತ್ರ ಕೇಳಿಸುತ್ತಿತ್ತು.

ಇಬ್ಬರೂ ಮುಖ ಒರೆಸಿಕೊಂಡು ಹೊರಗೆ ಬಂದರು. "ಒಳಗೆ ಅಂಥದ್ದೇನೂ ಇರ್ಲಿಲ್ಲ ಭಾವ" ಎಂದಳು ದೊಡ್ಡಕ್ಕ. "ನೀವು ಬರದೇ ಇದ್ದದ್ದೇ ಒಳ್ಳೇದಾಯ್ತು."

"ಹೌದಾ" ಅಂದ ಅವನು. ಬಾಟ್ಲನ್ನು ಪಕ್ಕಕ್ಕಿಟ್ಟು ಕೇಳಿದ, "ಇನ್ನೇನಾದ್ರೂ ನೋಡೋದು ಉಳಿದಿದ್ಯಾ?"

"ಮೇಲಿನ ಮಹಡಿ ಇದೆ. ಮೆಟ್ಟಿಲು ಜಾಸ್ತಿ. ಬೇಡ ಬಿಡಿ, ನಿಮಗೆ ಕಷ್ಟ."

"ನೀವಿಬ್ರೂ ಹೋಗ್ಬನ್ನಿ. ಅವಸರ ಏನಿಲ್ಲ, ನಿಧಾನವಾಗಿ ನೋಡಿ. ನಾನು ಇಲ್ಲೇ ಕೂತಿರ್ತೀನಿ."

ಅವರು ಬೇಡ ಬೇಡ ಎಂದು ಎರಡು ಸಲ ಹೇಳಿ ಹತ್ತತೊಡಗಿದರು. ತಿರುವು ದಾಟಿದ್ದೇ ಪಿಟೀಲಿನ ದನಿ ಬದಲಾಯಿತು, ಕೊನೆಯ ಮಾತನ್ನು ಎಳೆಯತೊಡಗಿದಳು. ಏನೆಂದು ತಿಳಿಯದಿದ್ದರೂ ಹೆಂಡತಿಯ ಆ ರಾಗ ಅವನಿಗೆ ಗೊತ್ತಿತ್ತು. ಅದು ಪೂರ್ತಿ ಮೇಲಕ್ಕೆ ಹೋಗಿ ಕೇಳಿಸದಾಗುವವರೆಗೂ ಅವನು ಅಲುಗಾಡದೆ ಕೂತಿದ್ದ.