ಗುರುವಾರದ ಎಣ್ಣೆ

ನನ್ನ ಪಲಾವಿನ ಬಗ್ಗೆ ಯಾರ ಅಭಿಪ್ರಾಯವೂ ನನಗೆ ಬೇಕಿರಲಿಲ್ಲ. ಮೀಸೆ ಚಿಗುರುವ ಮೊದಲೇ ಅಪ್ಪನ ಬಾಣಲೆಯ ಮುಂದೆ ನಿಂತವನು ನಾನು. ಕ್ಯಾರೆಟ್ಟು ಯಾವ ಗಳಿಗೆಗೆ ಬೀಳಬೇಕು ಅನ್ನುವುದನ್ನು ನನಗೆ ಒಂದು ಚೂರು ಕಾಗದ ಹೇಳಿಕೊಡಬೇಕೆ?

ಆದರೆ ಎದುರು ಬೀದಿಗೆ ಬಣ್ಣದ ದೀಪಗಳ ಹೊಸ ಕೆಫೆ ಬಂದಿತ್ತು. ನಾನು ಅಡಿಗೆ ಮಾಡುತ್ತಿದ್ದ ಮಸ್ತೂರಾ ಆಪಾಳ ಊಟದ ಮನೆಯಲ್ಲಿ ಮಧ್ಯಾಹ್ನವೂ ಬೆಂಚುಗಳು ಖಾಲಿ ಬೀಳತೊಡಗಿದ್ದವು. ಗುರುವಾರವಂತೂ ನೊಣಗಳೇ ಗಿರಾಕಿಗಳು. ತಾಷ್ಕೆಂಟಿನಲ್ಲಿ ಓದಿ ನಮ್ಮೂರು ಕೋಕಂದಿಗೆ ಮರಳಿದ್ದ ಆಪಾಳ ತಂಗಿಯ ಮಗಳು ಝುಮ್ರದ್ ಒಂದು ಹಳೆಯ ಚಹಾ ಡಬ್ಬಿಗೆ ಸೀಳು ಕೊರೆದು ಬಾಗಿಲ ಬಳಿ ಇಟ್ಟಳು. ಪಕ್ಕದಲ್ಲಿ ಚೀಟಿಗಳು, ದಾರ ಕಟ್ಟಿದ ಮೋಟು ಪೆನ್ಸಿಲ್.

"ಜನ ಏನು ಕಮ್ಮಿ ಅಂತ ಬರೀತಾರೆ ದೊಡ್ಡಮ್ಮ. ನಾವು ತಿದ್ಕೊಂಡ್ರೆ ಆಯ್ತು."

"ನಮ್ಮ ಜನಾನಾ? ಅನ್ನದ ಮುಂದೆ ಕೂತು ಕೆಟ್ಟ ಮಾತಾಡೋರಾ?" ಎಂದೆ ನಾನು.

ನಾನು ಹೇಳಿದಂತೆಯೇ ಆಯಿತು. ಒಂದು ವಾರದ ಚೀಟಿಗಳಲ್ಲೆಲ್ಲ ಒಂದೇ ಮಾತು: ನಿಮ್ಮ ಕೈಗೆ ನೋವು ಬಾರದಿರಲಿ, ನಿಮ್ಮ ಒಲೆ ಆರದಿರಲಿ. ಮಸ್ತೂರಾ ಅವನ್ನೆಲ್ಲ ಒಟ್ಟು ಮಾಡಿ ಒಲೆಗೇ ಹಾಕಿದಳು. ಮಾರನೆಯ ದಿನ ಬಾಗಿಲಿಗೆ ಅಡ್ಡ ನಿಂತಳು. ಎತ್ತರದ ಹೆಂಗಸು ಅವಳು. ಅಡ್ಡ ನಿಂತರೆ ದಾಟಿ ಹೋಗುವುದು ಸುಲಭವಲ್ಲ.

"ಹೊಗಳಿಕೆ ಬೇಡ. ಹೊಗಳಿಕೊಂಡೇ ಎದುರುಗಡೆ ಹೋಗ್ತಿದೀರಿ ಎಲ್ಲಾರೂ. ಒಂದು ತಪ್ಪು ಬರೆದು ಹಾಕಿ, ಹೆಸರು ಬೇಡ. ಬರೀದೆ ಯಾರೂ ಹೊರಗೆ ಹೋಗೋ ಹಾಗಿಲ್ಲ."

ಕ್ಷೌರದ ಗೈರತ್ ನಗುತ್ತಾ ಪೆನ್ಸಿಲ್ ಹಿಡಿದ. "ಒಂದೇ ಸಾಕಾ ಆಪಾ? ಇನ್ನೊಂದು ಚೀಟಿ ಕೊಡಿ."

ನಾನು ಒಲೆಯ ಹಿಂದೆ ನಿಂತು ನೋಡುತ್ತಿದ್ದೆ. ನಗು ಬರಲಿಲ್ಲ. ಒಲೆಯ ಎದುರಿನ ಗೋಡೆಯಲ್ಲಿ, ಮೊಳೆಗೆ ಕಟ್ಟಿದ ದಾರದಲ್ಲಿ, ಒಂದು ರೊಟ್ಟಿ ನೇತಾಡುತ್ತಿತ್ತು. ಮಸ್ತೂರಾಳ ಗಂಡ ಎರ್ಗಶ್ ರಷ್ಯಾಕ್ಕೆ ಕೂಲಿಗೆ ಹೊರಟ ಬೆಳಿಗ್ಗೆ ಒಂದು ತುತ್ತು ಕಚ್ಚಿ ಇಟ್ಟುಹೋದದ್ದು. ದೂರ ಹೋಗುವವರು ಹಾಗೆ ಕಚ್ಚಿಟ್ಟು ಹೋಗಬೇಕು, ಉಳಿದದ್ದನ್ನು ಮರಳಿ ಬಂದು ತಿನ್ನಬೇಕು. ಆ ರೊಟ್ಟಿ ಒಂಬತ್ತು ವರ್ಷದಿಂದ ಕಾಯುತ್ತಿತ್ತು. ಅದನ್ನು ತಿನ್ನುವವನು ಬರುವುದಿಲ್ಲ ಎಂದು ನನಗೊಬ್ಬನಿಗೆ ಗೊತ್ತಿತ್ತು. ಅವನನ್ನು ಮಣ್ಣು ಮಾಡಿದ ದಿನ ನಾನು ಬೇಲಿಯಾಚೆ ನಿಂತಿದ್ದೆ.

ನಾವಿಬ್ಬರೂ ಒಂದೇ ಕಟ್ಟಡದ ಕೆಲಸದಲ್ಲಿದ್ದೆವು. ಎರ್ಗಶ್‌ನ ಕಾಗದಪತ್ರಗಳ ಗಡುವು ಮುಗಿದಿತ್ತು. ಒಂದು ದಿನ ನನಗೆ ಜ್ವರ. ಒಂದು ಪಾಳಿ ತಪ್ಪಿದರೂ ನನ್ನ ಜಾಗ ಹೋಗುತ್ತಿತ್ತು. "ನಿನ್ನ ಗೇಟಿನ ಕಾರ್ಡು ಕೊಡು, ಖೋಲ್ಮತ್. ಅವರ ಕಣ್ಣಿಗೆ ನಾವೆಲ್ಲ ಒಂದೇ ಮುಖ" ಎಂದು ನಕ್ಕು ಹೋದ. ಏಳನೆಯ ಮಹಡಿಯ ಅಟ್ಟಣೆಯಿಂದ ಬಿದ್ದ. ಗುತ್ತಿಗೆದಾರ ತರಾತುರಿಯಲ್ಲಿ ಹೂಳಿಸಿ ಕೈತೊಳೆದುಕೊಂಡ. ಬಾಯಿ ಬಿಟ್ಟರೆ ಪೊಲೀಸರು ಹಿಡಿಯುತ್ತಾರೆಂದು ನಾನು ಸುಮ್ಮನಿದ್ದೆ. ಗೋರಿಯ ಮೇಲಿನ ತಗಡಿನಲ್ಲಿ ಜೇಬಿನ ಕಾರ್ಡಿನಲ್ಲಿದ್ದ ಹೆಸರನ್ನೇ ಬರೆದರು. ಅದು ನನ್ನ ಹೆಸರು.

ಹೇಳಬೇಕೆಂದೇ ಊರಿಗೆ ಬಂದೆ, ದೇವರಾಣೆ. ಬಸ್ಸಿಳಿದು ನೇರ ಇಲ್ಲಿಗೇ ಬಂದೆ. ಮೇಜುಗಳ ಮೇಲೆ ಊಟದ ಹಾಸು ಹಾಸಿತ್ತು, ಜನ ಉಣ್ಣುತ್ತಿದ್ದರು. ಹಾಸಿನ ಮುಂದೆ ಸಾವಿನ ಸುದ್ದಿ ಹೇಳುವವನು ಮನುಷ್ಯನೇ ಅಲ್ಲ. ಮಸ್ತೂರಾ ಕೈ ಒರೆಸಿಕೊಳ್ಳುತ್ತಾ ಓಡಿ ಬಂದು "ಚೆನ್ನಾಗಿದಾನಾ?" ಎಂದಳು. "ಚೆನ್ನಾಗಿದಾನೆ, ಉತ್ತರದ ಕಾಡಿಗೆ ಹೋದ, ಅಲ್ಲಿ ಫೋನ್ ಸಿಗಲ್ಲ" ಎಂದುಬಿಟ್ಟೆ. ಹಾಸು ಮಡಚಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹೋಟೆಲಿನಲ್ಲಿ ಹಾಸು ಮಡಚುವುದೇ ಇಲ್ಲ. ಅವಳು ನನಗೆ ಅಡುಗೆಯ ಕೆಲಸ ಕೊಟ್ಟಳು. ಹೀಗೆ ಏಳು ವರ್ಷವಾಯಿತು.

ಮೊದಲನೆಯ ಚಳಿಗಾಲದಲ್ಲೇ ಅವನು ಕರೆಯತೊಡಗಿದ. ಬೆಳಿಗ್ಗೆ ಒಬ್ಬನೇ ಈರುಳ್ಳಿ ಹೆಚ್ಚುತ್ತಿರುವಾಗ ಹಿತ್ತಲಿನ ಹಿಪ್ಪುನೇರಳೆ ಮರದ ಕಡೆಯಿಂದ "ಖೋಲ್ಮತ್" ಎಂದು ಎರ್ಗಶ್‌ನದೇ ದನಿ. ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ. ನಾನು ಹೆದರುಪುಕ್ಕಲನಲ್ಲ, ಆದರೂ ಒಳಗೆ ಬಂದು ಕದದ ಅಗುಳಿ ಹಾಕಿಕೊಳ್ಳುತ್ತಿದ್ದೆ. ಅಲ್ಲಿ ರಷ್ಯಾದಲ್ಲಿ ಯಾರಾದರೂ ಪುಣ್ಯಾತ್ಮರು ಗೋರಿಯ ಮುಂದೆ ನಿಂತು ಬೇಡಿಕೊಂಡರೂ ಅದು ನನ್ನ ಹೆಸರಿಗೆ ಸಲ್ಲುತ್ತದೆ. ಅವನು ಹಸಿದೇ ಇರುತ್ತಾನೆ ಅನ್ನಿಸಿತು.

ಸತ್ತವರಿಗೆ ಗುರುವಾರ ಎಣ್ಣೆ ಕಾಯಿಸಿ ಹಿಟ್ಟು ಕರಿಯಬೇಕು. ಆ ಕಂಪೇ ಅವರ ಊಟ. ಪ್ರತಿ ಗುರುವಾರ ಬೆಳಿಗ್ಗೆ ಮಸ್ತೂರಾ ಮಾಂಸಕ್ಕೆಂದು ಸಂತೆಗೆ ಹೋಗುತ್ತಿದ್ದಳು. ಆ ಹೊತ್ತಿಗೆ ನಾನು ಕದ ಮುಚ್ಚಿ ಏಳು ತೆಳು ರೊಟ್ಟಿ ಕರಿಯುತ್ತಿದ್ದೆ. ಕದ ಮುಚ್ಚಿ, ಕಿಟಕಿ ಮುಚ್ಚಿ, ಗಾಳಿಯೇ ಇಲ್ಲದ ಕೋಣೆಯಲ್ಲಿ ಗೋಡೆಯ ಮೇಲಿನ ರೊಟ್ಟಿ ದಾರದಲ್ಲಿ ಮೆಲ್ಲಗೆ ತಿರುಗಿ, ಹಲ್ಲಿನ ಗುರುತಿದ್ದ ಕಡೆಯನ್ನು ಒಲೆಗೆ ಮಾಡಿ ನಿಲ್ಲುತ್ತಿತ್ತು. ಒಂದು ಗುರುವಾರವೂ ತಪ್ಪಿಸುವ ಧೈರ್ಯ ನನಗೆ ಬರಲಿಲ್ಲ.

ಮಸ್ತೂರಾ ಬಾಗಿಲಿಗೆ ಅಡ್ಡ ನಿಂತ ಆ ದಿನ ಬುಧವಾರ. ಪಲಾವ್ ಮುಗಿದು, ಕೊನೆಯ ಗಿರಾಕಿಯೂ ಹೋದ ಮೇಲೆ ಝುಮ್ರದ್ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಈ ಸಲ ಜನ ಸೇಡು ತೀರಿಸಿಕೊಂಡಂತೆ ಬರೆದಿದ್ದರು.

"ಬೆಂಚಿನ ಮೊಳೆಗೆ ಎರಡು ಪ್ಯಾಂಟು ಹರಿದಿದೆ" ಎಂದು ಓದಿದಳು. "ಚಮಚ ಜಿಡ್ಡು. ಮೂಲಂಗಿ ಸಲಾಡ್ ನಿನ್ನೇದು. ಇದು ಕೇಳು ಖೋಲ್ಮತ್ ಅಣ್ಣ: ಅಡಿಗೆಯವನ ಮುಖ ನೋಡಿದರೆ ಹಸಿವು ಸಾಯ್ತದೆ."

"ಅದು ಗೈರತ್. ನಾಳೆ ಬರ್ಲಿ ಅವನು, ತೋರಿಸ್ತೀನಿ" ಎಂದೆ.

ಮಸ್ತೂರಾ ಎಷ್ಟೋ ದಿನಗಳ ಮೇಲೆ ಮನಸಾರೆ ನಗುತ್ತಿದ್ದಳು. ಮುಂದಿನ ಚೀಟಿಯನ್ನು ತಾನೇ ಎತ್ತಿಕೊಂಡಳು.

"ಗುರುವಾರ ಕರಿದ ಎಣ್ಣೆ ವಾಸನೆ ತುಂಬಿರುತ್ತೆ. ಫ್ಯಾನ್ ರಿಪೇರಿ ಮಾಡಿಸಿ." ಇನ್ನೊಂದು ಎತ್ತಿದಳು. "ಗುರುವಾರ ಇಲ್ಲಿ ಊಟ ಗಂಟಲಲ್ಲಿ ಇಳಿಯಲ್ಲ." ಮತ್ತೊಂದು ಎತ್ತಿದಳು. ಅದನ್ನು ಓದುವಾಗ ಅವಳ ದನಿ ಸಣ್ಣದಾಯಿತು. "ಆಪಾ, ತಪ್ಪು ತಿಳಿಯಬೇಡಿ. ಈ ಮನೆ ಯಜಮಾನ ಬದುಕಿದ್ದಾನೆ ಅಂತೀರಿ. ಮತ್ತೆ ಗುರುವಾರ ಯಾರಿಗೆ ಎಣ್ಣೆ ಕಾಯಿಸ್ತೀರಿ?"

ಝುಮ್ರದ್‌ಗೆ ಏನೂ ಹೊಳೆಯಲಿಲ್ಲ. "ಹೌದಲ್ವಾ, ಫ್ಯಾನ್ ಕೆಟ್ಟು ತಿಂಗಳಾಯ್ತು" ಎಂದಳು. ನಾನು ತೊಳೆದ ಬಾಣಲೆಯನ್ನೇ ಮತ್ತೆ ತೊಳೆಯತೊಡಗಿದೆ.

"ಖೋಲ್ಮತ್" ಎಂದಳು ಮಸ್ತೂರಾ. "ಗುರುವಾರ ಏನು ಕರೀತೀಯ?"

"ಬಾಣಲೆ ಪಳಗಿಸ್ತೀನಿ ಆಪಾ. ಹೊಸ ಎಣ್ಣೆ ಅಲ್ವಾ."

"ನಿಮ್ಮಮ್ಮ ಮೊನ್ನೆ ಬಂದು ಸೊಮ್ಸಾ ತಿಂದು ಹೋದ್ಳು, ಗಟ್ಟಿಯಾಗಿದಾಳೆ. ನಿಮ್ಮಪ್ಪನ ಪಾಲಿಂದು ನಿನ್ನ ಹೆಂಡ್ತಿ ಮನೇಲೇ ಕರೀತಾಳೆ, ನನಗೂ ಒಂದು ಕಳಿಸ್ತಾಳೆ. ನನ್ನ ಹೆತ್ತೋರಿಗೆ ನಾನು ಮನೇಲಿ ಕರೀತೀನಿ." ಅವಳು ಗೋಡೆಯ ಕಡೆ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ನನ್ನ ಒಲೆ ಮೇಲೆ ಯಾರಿಗೆ ಬಡಿಸ್ತಿದೀಯ?"

"ಹಾಸು ಹಾಸಿದೆ ಆಪಾ" ಎಂದೆ.

ಅವಳು ಎದ್ದಳು. ಒಂದೊಂದೇ ಮೇಜಿನ ಹಾಸನ್ನು ಮಡಚಿದಳು. ತುಣುಕುಗಳು ನೆಲಕ್ಕೆ ಬೀಳದಂತೆ ಅಂಚುಗಳನ್ನು ಒಳಕ್ಕೆ ಸೇರಿಸಿ, ನಿಧಾನವಾಗಿ, ಒಂಬತ್ತೂ ಮೇಜುಗಳದನ್ನು. ಎಲ್ಲವನ್ನೂ ಕಪಾಟಿನಲ್ಲಿಟ್ಟು ಬಂದು ಬರಿಯ ಹಲಗೆಯ ಮುಂದೆ ಕೂತಳು.

"ಈಗ ಹೇಳು."

ಹೇಳಿದೆ. ಜ್ವರ, ಕಾರ್ಡು, ಅಟ್ಟಣೆ, ತಗಡಿನ ಮೇಲಿನ ಹೆಸರು, ಎಲ್ಲವನ್ನೂ. ಝುಮ್ರದ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡು ಅತ್ತಳು. ಮಸ್ತೂರಾ ಅಳಲಿಲ್ಲ. "ಚಳಿಗಾಲಾನಾ?" ಎಂದು ಕೇಳಿದಳು. ಹೌದೆಂದೆ. "ನೆಲ ಗಟ್ಟಿ ಇದ್ದಿರ್ಬೇಕು" ಎಂದಳು.

ಆಮೇಲೆ ಬೆಂಚು ಹತ್ತಿ ರೊಟ್ಟಿಯನ್ನು ಇಳಿಸಿದಳು. ಅದು ಹೆಂಚಿನ ಚೂರಿನಷ್ಟು ಗಟ್ಟಿ. ಬಿಸಿ ಚಹಾ ತುಂಬಿದ ಅಗಲ ಬಟ್ಟಲಲ್ಲಿ ಮುಳುಗಿಸಿ, ಮೆತ್ತಗಾಗುವವರೆಗೆ ಕಾದಳು. ನಾವು ಮೂವರೂ ಕಾದೆವು. ಹಲ್ಲಿನ ಗುರುತಿದ್ದ ಅಂಚನ್ನು ಮುರಿದು ತನ್ನ ಬಾಯಿಗೆ ಇಟ್ಟುಕೊಂಡಳು. ಉಳಿದದ್ದನ್ನು ನನ್ನ ಮುಂದೆ ಸರಿಸಿದಳು.

"ಅವನು ನಿನ್ನ ಹೆಸರಲ್ಲಿ ಮಲಗಿದಾನೆ. ನೀನು ಅವನ ಹೆಸರಲ್ಲಿ ತಿನ್ನು."

ತಿಂದೆ. ಧೂಳು, ಹೊಗೆ, ಏಳು ವರ್ಷದ ನನ್ನದೇ ಒಲೆಯ ಜಿಡ್ಡು. ಕಣ್ಣೀರು ಸುರಿಯುತ್ತಿತ್ತು, ನಾಚಿಕೆಯಾಗಲಿಲ್ಲ. ಕೊನೆಯ ತುತ್ತು ಇಳಿದ ಮೇಲೆ ಅವಳು ಒಂದು ಖಾಲಿ ಚೀಟಿಯನ್ನೂ ಮೋಟು ಪೆನ್ಸಿಲನ್ನೂ ನನ್ನ ಕಡೆ ತಳ್ಳಿದಳು.

"ಏನು ಕಮ್ಮಿ ಅಂತ ಬರಿ. ಹೊಗಳಬೇಡ."

ನಾನು ಬರೆದದ್ದು ಅವನ ಹೆಸರು: ತುರ್ದಿಯ ಮಗ ಎರ್ಗಶ್, ಕೋಕಂದಿನವನು. ಅವಳು ಓದಿ, ಡಬ್ಬಿಗೆ ಹಾಕದೆ, ಗೋಡೆಯ ಆ ಮೊಳೆಗೆ ಚುಚ್ಚಿದಳು.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮರುದಿನ ಸಂತೆಗೆ ಹೋಗದೆ ಅವಳೇ ಎಣ್ಣೆ ಕಾಯಿಸಿದಳು, ಕದ ಕಿಟಕಿ ಎಲ್ಲ ತೆರೆದು, ಅವನ ಹೆಸರು ಹಿಡಿದು. ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಕರಿದ ರೊಟ್ಟಿಗಳನ್ನು ಝುಮ್ರದ್ ನೆರೆಮನೆಗಳಿಗೆ ಕೊಟ್ಟು ಬಂದಳು. ಮಧ್ಯಾಹ್ನ ಇಡೀ ಮೊಹಲ್ಲಾ ನಮ್ಮ ಬೆಂಚುಗಳಲ್ಲಿ ತಲೆ ತಗ್ಗಿಸಿ ಕೂತು ಉಂಡಿತು. ವಾಸನೆಯ ಬಗ್ಗೆ ಒಬ್ಬರೂ ಚೀಟಿ ಬರೆಯಲಿಲ್ಲ.

ಈಗಲೂ ಬೆಳಿಗ್ಗೆ ನಾನೊಬ್ಬನೇ ಈರುಳ್ಳಿ ಹೆಚ್ಚುತ್ತೇನೆ. ಹಿಪ್ಪುನೇರಳೆ ಮರದ ಕಡೆ ಕಿವಿಗೊಟ್ಟು ನಡುನಡುವೆ ಚಾಕು ನಿಲ್ಲಿಸುತ್ತೇನೆ. ಅಂದಿನಿಂದ ಅಲ್ಲಿಂದ ನನ್ನ ಹೆಸರನ್ನು ಯಾರೂ ಕರೆದಿಲ್ಲ. ಒಂದು ಸಲ ಕರೆಯಬಾರದೇ ಎಂದು ಕಾಯುತ್ತೇನೆ.