ಹೊಟ್ಟೆ ಎಳೆದುಕೊಂಡ ದರ್ಜಿ

ಅಳತೆಯ ಟೇಪು ಸೊಂಟಕ್ಕೆ ಬಂದೊಡನೆ ಉಸಿರು ಬಿಗಿಹಿಡಿದು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತೀರಲ್ಲ, ನೀವು ಮೋಸ ಮಾಡುತ್ತಿರುವುದು ಯಾರಿಗೆ?

ನಮ್ಮ ಬೀದಿಯ ದರ್ಜಿಯೂ ಅದನ್ನೇ ಮಾಡಿದ. "ಹೊಟ್ಟೆ ಬಿಡಿ ಸ್ವಾಮಿ, ಆಮೇಲೆ ಪ್ಯಾಂಟು ಬಿಗಿ ಅಂತ ನನ್ನ ಬೈಬೇಡಿ" ಎಂದು ಗಿರಾಕಿಗಳನ್ನು ಗದರಿಸುತ್ತಿದ್ದವನು ಅವನೇ!

ಹೃದಯದ ಕಾಯಿಲೆಯ ಅಧ್ಯಯನವೊಂದು ಎರಡು ತಲೆಮಾರುಗಳಿಂದ ನಮ್ಮ ಬೀದಿಯ ಮನೆಗಳ ಜಾಡು ಹಿಡಿದಿದೆ. ಕೆಲವು ವರ್ಷಗಳಿಗೊಮ್ಮೆ ನರ್ಸ್ ಬಂದು ರಕ್ತದೊತ್ತಡ, ಸೊಂಟದ ಸುತ್ತಳತೆ, ಹೊಗೆಯ ಚಟ ಎಲ್ಲವನ್ನೂ ದಾಖಲಿಸಿಕೊಳ್ಳುತ್ತಾಳೆ. ಯಾರ ಹೃದಯ ಮುಂದೆ ಕೈಕೊಡಬಹುದೆಂದು ಅವುಗಳಿಂದ ಲೆಕ್ಕ ಹಾಕುತ್ತಾರೆ. ದರ್ಜಿಯ ತಂದೆ ಹೃದಯಾಘಾತದಿಂದಲೇ ತೀರಿಕೊಂಡಿದ್ದರು. ಈಗ ಮಗಳು ಬಸುರಿ. ಮೊಮ್ಮಗು ಬೆಳೆದಂತೆಲ್ಲ ಅದರ ಬಟ್ಟೆಗಳನ್ನು ತಾನೇ ಹೊಲಿಯಬೇಕೆಂಬುದು ಅವನ ಒಂದೇ ಆಸೆ.

"ಸಿಗರೇಟು?" ನರ್ಸ್ ಕೇಳಿದಳು.

"ಅಯ್ಯೋ, ಅದರ ವಾಸನೆ ಕಂಡ್ರೇ ಆಗಲ್ಲ ನಂಗೆ!"

ಬಟ್ಟೆ ಒತ್ತುತ್ತಿದ್ದ ಹೆಂಡತಿ ತಲೆಯೆತ್ತಿದಳು. "ಹೌದಮ್ಮ, ಇವರು ಮುಟ್ಟೋದೇ ಇಲ್ಲ. ಹಿತ್ತಲಲ್ಲಿ ನಿಂತು ಸೇದೋದು ನಮ್ಮ ಇಸ್ತ್ರಿಪೆಟ್ಟಿಗೆ."

ನರ್ಸ್ ನಗು ತಡೆದುಕೊಂಡು ಟೇಪು ಸುತ್ತಿದಳು. "ಉಸಿರು ಬಿಡಿ ಮಾವ, ಮುಖ ಬದನೆಕಾಯಿ ಆಗ್ತಿದೆ."

"ಒಳ್ಳೆ ನಂಬರ್ ಬಂದ್ರೆ ನಿಂಗೂ ಖುಷಿ ತಾನೇ?"

"ಇದೇನು ಪರೀಕ್ಷೆನಾ, ಮಾರ್ಕ್ಸ್ ಕೊಡೋಕೆ? ನಿಮ್ಮಪ್ಪನಂಥವರು ನಿಜ ಹೇಳಿದ್ದಕ್ಕೇ ಇವತ್ತು ನಿಮ್ಮ ಅಪಾಯ ಮುಂಚೆನೇ ಹೇಳೋಕಾಗ್ತಿರೋದು. ನೀವು ಸುಳ್ಳು ಹೇಳಿದ್ರೆ ನಾಳೆ ಮೊಮ್ಮಗುಗೆ ಏನು ಹೇಳೋಣ?"

ದರ್ಜಿ ಉಸಿರು ಬಿಟ್ಟ. ಹೊಟ್ಟೆ ಮುಂದಕ್ಕೆ ನುಗ್ಗಿತು. ಅಂಗಿಯ ಗುಂಡಿಯೊಂದು ಕಿತ್ತುಬಂದು ಹೊಲಿಗೆಯಂತ್ರದಡಿ ಉರುಳಿತು.

"ನೋಡಮ್ಮ, ಊರಿಗೆಲ್ಲ ಹೊಲಿಯೋರ ಹೊಲಿಗೆ!" ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ದಿನಾ ಸೇದ್ತೀನಿ. ಬರ್ಕೋ ತಾಯಿ," ಎಂದ ದರ್ಜಿ, ತಾನೂ ನಗುತ್ತ.

ಲೆಕ್ಕದಲ್ಲಿ ಅಪಾಯ ಹೆಚ್ಚೆಂದೇ ಬಂತು. ಹೆಚ್ಚೆಂದು ತಿಳಿದದ್ದರಿಂದಲೇ ವೈದ್ಯರು ಮಾತ್ರೆ ಕೊಟ್ಟರು, ದರ್ಜಿ ಸಿಗರೇಟು ಬಿಟ್ಟ, ಸಂಜೆಯ ನಡಿಗೆಗೆ ಹೆಂಡತಿಯ ಬೆನ್ನುಹತ್ತಿದ.

ಕೆಲವು ವರ್ಷಗಳ ಬಳಿಕ ನರ್ಸ್ ಮತ್ತೆ ಬಂದಾಗ ಅವನು ತನ್ನ ಪ್ಯಾಂಟಿನ ಸೊಂಟವನ್ನೇ ಕಿರಿದು ಮಾಡುತ್ತಿದ್ದ. ಮೊಮ್ಮಗಳು ತಾತ ಹೊಲಿದ ಹೂವಿನ ಫ್ರಾಕು ತೊಟ್ಟು ಅವನ ಹೆಗಲೇರಿದ್ದಳು. ತೂಕದ ಯಂತ್ರದ ಮೇಲೆ ಹಾಗೆಯೇ ಹತ್ತಿದವನು, "ತಡಿ ತಡಿ, ಇವಳ ತೂಕಾನೂ ನನ್ನ ತಲೆಗೆ ಕಟ್ಟಬೇಡ!" ಎಂದು ಕೂಗಿ ಇಳಿದ. ಈ ಸಲ ಅಪಾಯ ಇಳಿದಿತ್ತು. ನರ್ಸ್ ಚಪ್ಪಾಳೆ ತಟ್ಟಿದಳು, ಮಗುವೂ ತಟ್ಟಿತು.

ಸುಳ್ಳು ಅಳತೆ ಕೊಡುವವನು ಇನ್ನೂ ಹುಟ್ಟದವರಿಗೂ ಅನ್ಯಾಯ ಮಾಡುತ್ತಾನೆ. ನಿಮ್ಮ ಬಾಗಿಲಿಗೂ ಅಂಥ ನರ್ಸ್ ಬಂದಾಳು. ದಯವಿಟ್ಟು ಅವಳಿಗೊಂದು ಕುರ್ಚಿ ಹಾಕಿ, ಹೊಟ್ಟೆಯನ್ನು ಸಡಿಲ ಬಿಡಿ, ನಿಜ ಹೇಳಿ.